ನ್ಯೂಟ್ರಿನೊಗಾಗಿ ಒಂದು ಮಿಲ್ಲಿನ ಗಾಲಿ

ಗಣಿಯ ತಳದಲ್ಲಿ ನಮ್ಮ ಉಪಕರಣ ಕೆಲಸ ಮಾಡುತ್ತಿತ್ತು. ತೊಂದರೆ ಇದ್ದದ್ದೇ ಅಲ್ಲಿ. ಮಾಡಬಾರದಷ್ಟು ಕೆಲಸ ಮಾಡುತ್ತಿತ್ತು.

ಎಪ್ಪತ್ತರ ದಶಕದ ನಡುವಿನ ವರ್ಷಗಳು. ನಾನು ಮುಂಬಯಿಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಪಿಎಚ್.ಡಿ. ವಿದ್ಯಾರ್ಥಿನಿ. ಜರ್ಮೇನಿಯಂ ಎಂಬ ಧಾತುವಿನ ಒಂದು ಹರಳನ್ನು ದಕ್ಷಿಣದ ಆಳವಾದ ಗಣಿಯೊಂದರಲ್ಲಿ ಇಟ್ಟು, ಅದರೊಳಗೆ ನಡೆಯಬಹುದಾದ ಒಂದು ಅತಿ ಅಪರೂಪದ ಘಟನೆಗೆ ಕಾಯುವುದು ನಮ್ಮ ಪ್ರಯೋಗ. ಪರಮಾಣುವಿನ ಗರ್ಭದಿಂದ ಎರಡು ಎಲೆಕ್ಟ್ರಾನುಗಳು ಒಟ್ಟಿಗೆ ಹೊರಬೀಳಬೇಕು, ನ್ಯೂಟ್ರಿನೊ ಮಾತ್ರ ಬೀಳಬಾರದು. ಹಾಗೊಮ್ಮೆ ಆದದ್ದು ಕಂಡರೆ ನ್ಯೂಟ್ರಿನೊಗೆ ತೂಕ ಇದೆ ಎಂದು ಅರ್ಥ. ಅಂಥ ಘಟನೆ ಒಂದು ನಿರ್ದಿಷ್ಟ ಶಕ್ತಿಯಲ್ಲೇ ಕಾಣಿಸಿಕೊಳ್ಳಬೇಕು. ಆ ಜಾಗದಲ್ಲಿ ಬೇರೆ ಯಾವ ಸದ್ದೂ, ಅಂದರೆ ಬೇರೆ ಕಿರಣಗಳ ಎಣಿಕೆಯೂ, ಇರಬಾರದು. ಆಕಾಶದಿಂದ ಬೀಳುವ ಕಿರಣಗಳನ್ನು ತಡೆಯಲೆಂದೇ ಗಣಿಗೆ ಇಳಿದಿದ್ದೆವು, ಬಂಡೆಯಿಂದ ಬರುವುದನ್ನು ತಡೆಯಲು ಹರಳಿನ ಸುತ್ತ ಕಬ್ಬಿಣದ ಗೋಡೆ ಕಟ್ಟಿದ್ದೆವು. ಆದರೂ ಎಣಿಕೆ ಇಳಿಯಲಿಲ್ಲ.

ಮಳೆಗಾಲ ಪೂರ್ತಿ ನಾನು ಆ ಸದ್ದಿನ ಮೂಲ ಹುಡುಕಿದೆ. ಕೊನೆಗೆ ಸಿಕ್ಕಿದ್ದು ಕೋಬಾಲ್ಟ್. ಅದರಿಂದ ಎರಡು ಕಿರಣಗಳು ಜೋಡಿಯಾಗಿ ಹೊರಡುತ್ತವೆ, ಎರಡೂ ಒಟ್ಟಿಗೆ ಬಡಿದರೆ ನಮಗೆ ಬೇಕಾದ ಜಾಗದವರೆಗೆ ಗದ್ದಲ ಎಬ್ಬಿಸುತ್ತವೆ. ಅದು ಬರುತ್ತಿದ್ದದ್ದು ನಾವು ರಕ್ಷಣೆಗೆಂದು ಕಟ್ಟಿದ ಗೋಡೆಯಿಂದಲೇ. ಎರಡನೆಯ ಮಹಾಯುದ್ಧದ ನಂತರ ಉಕ್ಕಿನ ಕುಲುಮೆಗಳ ಇಟ್ಟಿಗೆ ಸವೆದದ್ದನ್ನು ತಿಳಿಯಲು ವಿಕಿರಣ ಸೂಸುವ ಕೋಬಾಲ್ಟನ್ನು ಇಟ್ಟಿಗೆಯೊಳಗೇ ಹುದುಗಿಸುವ ಪದ್ಧತಿ ಶುರುವಾಗಿತ್ತು. ಇಟ್ಟಿಗೆ ಸವೆದಂತೆ ಅದು ಕಬ್ಬಿಣಕ್ಕೆ ಸೇರುತ್ತದೆ. ಆ ಕಬ್ಬಿಣ ಗುಜರಿಗೆ ಹೋಗಿ ಮತ್ತೆ ಕರಗಿ ಇನ್ನೊಂದು ಕಬ್ಬಿಣಕ್ಕೆ ಸೇರುತ್ತದೆ. ನಮಗೆ ಬೇಕಾದದ್ದು ಅದಕ್ಕೂ ಮೊದಲು ಎರಕವಾಗಿ, ಮತ್ತೆಂದೂ ಕರಗದ ಕಬ್ಬಿಣ.

"ಅಂಥದ್ದು ಎಲ್ಲಿ ಸಿಗುತ್ತದೆ?" ಎಂದರು ನನ್ನ ಮಾರ್ಗದರ್ಶಕರು.

"ಸೊಲ್ಲಾಪುರದಲ್ಲಿ" ಎಂದೆ ನಾನು.

ಸೊಲ್ಲಾಪುರದಲ್ಲಿ ಓದುತ್ತಿದ್ದಾಗ ಕಾಲೇಜಿಗೆ ಹೋಗುವ ದಾರಿಯಲ್ಲಿ ದಿನವೂ ಒಂದು ಹಳೆಯ ಮಿಲ್ಲಿನ ಪಕ್ಕದಿಂದ ಹಾದುಹೋಗುತ್ತಿದ್ದೆ. ಮಗ್ಗಗಳೆಲ್ಲ ವಿದ್ಯುತ್ತಿಗೆ ಬದಲಾಗಿದ್ದರೂ ಉಗಿಯಂತ್ರ ಮಾತ್ರ ಮುರಿದ ಗಾಜಿನ ಕಿಟಕಿಯ ಹಿಂದೆ ಹಾಗೆಯೇ ನಿಂತಿತ್ತು. ಅದರ ಗಾಲಿ ಎರಡಂತಸ್ತಿನ ಮನೆಯಷ್ಟು ಎತ್ತರ. ಎರಕದಲ್ಲೇ ಮೂಡಿದ ಇಸವಿ ಹಿಂದಿನ ಶತಮಾನದ್ದು. ಇದನ್ನು ಹೇಳಿದಾಗ ಮಾರ್ಗದರ್ಶಕರು ಪೆನ್ಸಿಲ್ ತಿರುಗಿಸಿದರು. ಹೋಗಿ ನೋಡು, ಆದರೆ ಅಳೆಯದೆ ಒಂದು ಚೂರನ್ನೂ ಗಣಿಗೆ ಇಳಿಸುವುದಿಲ್ಲ ಎಂದರು.

ನಾನು ಸೊಲ್ಲಾಪುರಕ್ಕೆ ಬಂದಾಗ ಗಾಲಿ ಮಿಲ್ಲಿನಲ್ಲಿ ಇರಲಿಲ್ಲ. ಇಡೀ ಯಂತ್ರವನ್ನು ಭಂಗಾರದ ವ್ಯಾಪಾರಿಯೊಬ್ಬರು ಹರಾಜಿನಲ್ಲಿ ಹಿಡಿದು ಬಿಚ್ಚಿ ತಮ್ಮ ಅಂಗಳಕ್ಕೆ ಸಾಗಿಸಿದ್ದರು. ನಮ್ಮ ಕಡೆ ಭಂಗಾರ ಎಂದರೆ ಗುಜರಿ, ಮರಾಠಿಯಿಂದ ಬಂದ ಮಾತು. ಮಹಾಪ್ರಾಣ ತೆಗೆದರೆ ಚಿನ್ನ. ಅವತ್ತು ನನ್ನ ಮಟ್ಟಿಗೆ ಎರಡೂ ಒಂದೇ ಆಗಿದ್ದವು.

ಆ ವ್ಯಾಪಾರಿ, ಸಾವಕಾರರು, ಅರವತ್ತರ ಆಸುಪಾಸಿನವರು. ಹಣೆಯ ಮೇಲೆ ವಿಭೂತಿ, ಬಿಳಿ ಟೋಪಿ, ಗಾದಿಯ ಮೇಲೆ ಕುಳಿತೇ ಇಡೀ ಅಂಗಳದ ಮೇಲೆ ಕಣ್ಣಿಡುವ ಮನುಷ್ಯ. ಗಾಲಿಯ ಭಾಗಗಳು ಅಂಗಳದ ಮೂಲೆಯಲ್ಲಿ ಒಂದಕ್ಕೊಂದು ಒರಗಿ ಬಿದ್ದಿದ್ದವು. ನನ್ನ ಮಾತು ಪೂರ್ತಿ ಕೇಳಿ ಅವರು ಕನ್ನಡಕ ತೆಗೆದರು.

"ಬಾಯಾರ, ಇದು ಕರಗಸಾಕ ತಗೊಂಡ ಮಾಲ್. ಹಳೇದು ಯಾವ್ದು, ಹೊಸಾದು ಯಾವ್ದು ಅಂತ ಭಟ್ಟಿಗೆ ಏನ್ ಗೊತ್ತಾಗ್ತದ?"

"ಭಟ್ಟಿಗೆ ಗೊತ್ತಾಗೂದಿಲ್ರಿ ಸಾವಕಾರ್ರ. ನಮ್ಮ ಯಂತ್ರಕ್ಕ ಗೊತ್ತಾಗ್ತದ."

"ಕೊಲ್ಹಾಪುರದ ಫೌಂಡ್ರಿಯವರಿಗೆ ಶಬ್ದಾ ಕೊಟ್ಟೀನಿ. ದಿವಾಳಿ ಮುಂಚೆ ಎಲ್ಲಾ ಮುಟ್ಟಬೇಕು. ಇಷ್ಟ ವರ್ಷದ ಗಿರಾಕಿ ಅವ್ರು."

"ಗಾಲಿ ಅಷ್ಟ ತಡೀರಿ. ಸಿಲಿಂಡರ್, ದಂಡ, ಪಾಯದ ಪ್ಲೇಟು ಮೊದಲ ಕಳಸ್ರಿ. ಅಷ್ಟ್ರಾಗ ನಾ ಅಳದು ಹೇಳ್ತೀನಿ."

ಅವರು ಕನ್ನಡಕವನ್ನು ಮತ್ತೆ ಏರಿಸಿಕೊಂಡರು. "ಯಾರ ಮನೀ ಪೈಕಿ ನೀವು?" ಅಂದರು. ಅಕ್ಕಲಕೋಟೆ ತಾಲೂಕಿನ ಊರು ಹೇಳಿದೆ, ಕಾಕಾನ, ಅಂದರೆ ನನ್ನ ಚಿಕ್ಕಪ್ಪನ, ಹೆಸರು ಹೇಳಿದೆ. ಜೋಳದ ವ್ಯಾಪಾರದಲ್ಲಿ ಇಬ್ಬರಿಗೂ ಪರಿಚಯವಿತ್ತು. ಒಂದು ಭಾಗವನ್ನು ಒಡೆಸಿ ಚೂರು ಕೊಡಲು ಒಪ್ಪಿದರು. ಉಳಿದದ್ದನ್ನು ಕೊನೆಯ ಲಾರಿಯವರೆಗೆ ತಡೆಯುವುದಾಗಿಯೂ ಹೇಳಿದರು. "ಕೊನೀ ಲಾರಿ ಬಂತಂದ್ರ ಮಾತ್ರ ನನ್ನ ಕೈಯಾಗ ಏನಿಲ್ಲ, ನೋಡ್ರಿ."

ಮೂರು ಕಾಲಿನ ಗಳುವಿನ ಮೇಲಿಂದ ಕಬ್ಬಿಣದ ದೊಡ್ಡ ಗುಂಡನ್ನು ಎತ್ತಿ ಬಿಟ್ಟು ಎರಕವನ್ನು ಒಡೆಯುವುದು ಅವರ ಕ್ರಮ. ಇಬ್ಬರು ಎತ್ತಬಹುದಾದಷ್ಟು ದೊಡ್ಡ ತುಂಡುಗಳನ್ನು ನಾನು ಆರಿಸಿಕೊಂಡೆ. ಒಡೆದ ಮುಖ ಬೂದುಬಣ್ಣಕ್ಕೆ ಹೊಳೆಯುತ್ತಿತ್ತು. ಹೊರಮೈಯಲ್ಲಿ ಮಾತ್ರ ತಲೆಮಾರುಗಳ ಎಣ್ಣೆ ಜಿಡ್ಡು, ಹತ್ತಿಯ ಧೂಳು.

ಅಳೆಯಲು ಜಾಗ ಬೇಕಿತ್ತು. ನಾನು ಮುಂಬಯಿಯಿಂದ ತಂದದ್ದು ಯುರೇನಿಯಂ ಹುಡುಕುವವರು ಹೆಗಲಿಗೆ ಹಾಕಿಕೊಂಡು ತಿರುಗುವಂಥ ಉಪಕರಣ. ಒಂದು ಉಪ್ಪಿನ ಹರಳು, ಕಿರಣ ಬಡಿದಾಗ ಅದರಲ್ಲಿ ಹುಟ್ಟುವ ಮಿಣುಕು ಬೆಳಕನ್ನು ವಿದ್ಯುತ್ತಾಗಿ ಹಿಗ್ಗಿಸುವ ಗಾಜಿನ ಕೊಳವೆ, ಎಣಿಸುವ ಪೆಟ್ಟಿಗೆ. ಸೊಲ್ಲಾಪುರದ ಯಾವ ಕೋಣೆಯಲ್ಲಿ ಇಟ್ಟರೂ ಗೋಡೆಯ ಇಟ್ಟಿಗೆಯ ಕಿರಣಗಳೇ ಕಿವಿ ಕಿವುಡಾಗಿಸುತ್ತಿದ್ದವು. ಆಗ ನೆನಪಾದದ್ದು ಕಾಕಾನ ಹೊಲದ ಹಗೇವು.

ಹಗೇವು ಎಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಕೊಠಡಿ. ಮೇಲೆ ಒಬ್ಬರು ಇಳಿಯುವಷ್ಟು ಬಾಯಿ, ಒಳಗೆ ಅಗಲ. ನಮ್ಮದನ್ನು ಕರಿಕಲ್ಲಿನ ಪದರ ಕೊರೆದು ಮಾಡಿದ್ದರು. ನಮ್ಮ ಕಡೆಯ ಕರಿಕಲ್ಲಿನಲ್ಲಿ ವಿಕಿರಣ ಬಹಳ ಕಡಿಮೆ ಎಂಬುದು ನನಗೆ ಗೊತ್ತಿತ್ತು. ಅದು ಕೆಲವು ವರ್ಷಗಳಿಂದ ಖಾಲಿ ಇತ್ತು.

"ಹಗೇವಿನ್ಯಾಗ ಜ್ವಾಳಾ ಇಡ್ತಾರ. ನೀ ಏನ್ ಇಡಾಕ ಬಂದೀ?" ಕಾಕಾ ಕೇಳಿದ.

"ಕಬ್ಬಿಣಾ ಇಡ್ತೀನಿ ಕಾಕಾ."

"ಮುಂಬೈದಾಗ ಕಲಿಯಾಕ ಹೋದಾಕಿ ಭಂಗಾರ ಹೊತ್ಕೊಂಡ ಬಂದಾಳ ಅಂತ ಊರಾಗ ಮಾತ ಆಗ್ಯದ," ಎಂದ ಅವನು. ಕೋಪದಿಂದೇನಲ್ಲ. ಆದರೆ ಅದನ್ನು ನನಗೆ ತಿಳಿಸಬೇಕು ಎಂದು ಮಾತ್ರ ಅವನಿಗೆ ಇತ್ತು.

ಕಾಕು, ಅಂದರೆ ಅವನ ಹೆಂಡತಿ, ನೇರ ಕೆಲಸಕ್ಕೆ ಇಳಿದಳು. ಹಗೇವಿನ ಬಾಯಿಯ ಕಲ್ಲು ಸರಿಸಿ, ಒಳಗಿನ ಕೆಟ್ಟ ಗಾಳಿ ಹೋಗಲೆಂದು ತೆರೆದಿಟ್ಟು, ಕಂದೀಲು ಇಳಿಸಿ ನೋಡಿ, ಆಮೇಲೆ ನನ್ನನ್ನು ಇಳಿಸಿದಳು. ಹರಳು ಇಟ್ಟೆ, ಸುತ್ತ ಕೆಲವು ತುಂಡು ಇಟ್ಟೆ, ತಂತಿಯನ್ನು ಮೇಲಕ್ಕೆ ಎಳೆದು ಬಾಯಿ ಮುಚ್ಚಿದೆ.

ಮೊದಲ ಎಣಿಕೆ ಚೆನ್ನಾಗಿತ್ತು. ಸಂಜೆಯ ಹೊತ್ತಿಗೆ ಏರಿತು. ಮರುದಿನ ಇನ್ನಷ್ಟು ಏರಿತು. ಕಬ್ಬಿಣ ಅದೇ, ಹರಳು ಅದೇ, ಎಣಿಕೆ ಮಾತ್ರ ಏರುತ್ತಲೇ ಇತ್ತು. ತಂತಿಗಳ ಜೋಡಣೆ ಬಿಚ್ಚಿ ಮತ್ತೆ ಹಾಕಿದೆ, ಹರಳನ್ನು ಬಿಸಿಲಿಗೆ ತಂದು ಪರೀಕ್ಷಿಸಿದೆ. ಎಲ್ಲ ಸರಿ ಇತ್ತು. ಬಾಯಿ ತೆಗೆದು ಅರ್ಧ ದಿನ ಬಿಟ್ಟಾಗ ಎಣಿಕೆ ತಾನಾಗಿಯೇ ಇಳಿಯಿತು. ಆಗ ಅರ್ಥವಾಯಿತು. ನೆಲದ ಸಂದಿಗಳಿಂದ ರೇಡಾನ್ ಎಂಬ ಅನಿಲ ಒಸರುತ್ತದೆ. ಮುಚ್ಚಿದ ಹಗೇವಿನಲ್ಲಿ ಅದು ಜೋಳದ ಹಾಗೆ ತುಂಬಿಕೊಳ್ಳುತ್ತಿತ್ತು. ಬಾಯಿ ತೆರೆದಿಟ್ಟರೆ ಗಾಳಿ ಆಡಿದಂತೆಲ್ಲ ಎಣಿಕೆಯೂ ಆಡುತ್ತಿತ್ತು. ಅಲ್ಲಿ ಅಳತೆ ಸಾಧ್ಯವಿರಲಿಲ್ಲ.

ಬಾವಿಕಟ್ಟೆಯ ಮೇಲೆ ಕುಳಿತು ಬೇರೆ ಯಾವ ಗುಂಡಿ, ಯಾವ ನೆಲಮಾಳಿಗೆ ಎಂದು ಯೋಚಿಸುತ್ತಿದ್ದವಳಿಗೆ ಗುಂಡಿಯೇ ಏಕೆ ಬೇಕು ಎನಿಸಿತು. ಹೊರಗಿನ ಕಿರಣ ತಡೆಯಲು ದಪ್ಪ ಕಬ್ಬಿಣ ಬೇಕು. ನನ್ನ ಹತ್ತಿರ ಇದ್ದದ್ದು ಕಬ್ಬಿಣವೇ. ತುಂಡುಗಳು ಇನ್ನಷ್ಟು ಇದ್ದರೆ ಅವುಗಳದ್ದೇ ದಪ್ಪ ಗೂಡು ಕಟ್ಟಿ, ನಡುವೆ ಹರಳು ಇಡಬಹುದು. ಹೊರಗಿನದನ್ನೆಲ್ಲ ಹೊರಗಿನ ತುಂಡುಗಳು ನುಂಗುತ್ತವೆ, ಆಮೇಲೆ ಉಳಿಯುವ ಸದ್ದು ಕಬ್ಬಿಣದ್ದೇ ಆಗಿರುತ್ತದೆ.

ಸೊಲ್ಲಾಪುರಕ್ಕೆ ಹೋಗಿ ಸಾವಕಾರರಿಗೆ ಇನ್ನೊಂದು ಭಾಗ ಒಡೆಸಿಕೊಡಲು ಕೇಳಿದೆ. ಅವರ ಅಂಗಳ ಆಗಲೇ ಅರ್ಧ ಖಾಲಿಯಾಗಿತ್ತು. ಅವರು ಆಳುಗಳನ್ನು ಕರೆದು, ಗುಲಬರ್ಗಾ ಕಡೆಗೆ ಹೊರಟಿದ್ದ ಲಾರಿಯಲ್ಲಿ ತುಂಡುಗಳನ್ನು ನಮ್ಮ ಹೊಲದವರೆಗೆ ಕಳಿಸಿದರು.

ಹೊಲದ ಮನೆಯ ಪಡಸಾಲೆಯಲ್ಲಿ ಗೂಡು ಕಟ್ಟುವುದೆಂದಾಯಿತು. ಅದಕ್ಕೂ ಮೊದಲು ಜಿಡ್ಡು ತೆಗೆಯಬೇಕಿತ್ತು. ಸೀಮೆಎಣ್ಣೆ ರೇಷನ್ನಿನದ್ದು, ಸಾಲದು.

"ಜಿಡ್ಡ ಬೂದಿಗೆ ಹೋಗ್ತದ, ಮಗಳ. ನಾ ಕೊಡ್ತೀನಿ ತಡಿ," ಎಂದಳು ಕಾಕು. ಒಲೆಯ ಬೂದಿ ಬುಟ್ಟಿಗಟ್ಟಲೆ ಬಂತು. ಕಾಕು, ನಾನು, ನೆರೆಯ ಇಬ್ಬರು ಹೆಣ್ಣುಮಕ್ಕಳು ತೆಂಗಿನ ನಾರು ಹಿಡಿದು ಗಂಗಾಳ ತಿಕ್ಕಿದ ಹಾಗೆ ತಿಕ್ಕಿದೆವು. ಕೈಗಳಲ್ಲಿ ಬೊಬ್ಬೆ ಎದ್ದವು. ಕಬ್ಬಿಣ ಮಾತ್ರ ಹೊಳೆಯಿತು. ತಂಬಿಗೆ ನೀರಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಿ ಗೂಡು ಕಟ್ಟಿದೆವು. ನನಗೆ ತೃಪ್ತಿಯಾಗಿತ್ತು.

ಆ ಉಪಕರಣ ಒಂದು ಸಲಕ್ಕೆ ಶಕ್ತಿಯ ಒಂದು ಕಿರುಪಟ್ಟಿಯನ್ನಷ್ಟೇ ಎಣಿಸುತ್ತಿತ್ತು. ಗುಂಡಿ ತಿರುಗಿಸುವುದು, ಎಣಿಸುವುದು, ಬರೆಯುವುದು, ಮತ್ತೆ ತಿರುಗಿಸುವುದು. ಎಲ್ಲ ಚುಕ್ಕೆಗಳನ್ನು ಗ್ರಾಫ್ ಹಾಳೆಯ ಮೇಲೆ ಸೇರಿಸಿದಾಗ, ಕೋಬಾಲ್ಟ್ ಇರಬೇಕಾದ ಕಡೆಗೇ ಒಂದು ಗುಡ್ಡ ಎದ್ದು ನಿಂತಿತ್ತು.

ನಾನು ಎರಡನೆಯ ಸಲ ಅಳೆದೆ. ಗುಡ್ಡ ತುಸು ಪಕ್ಕಕ್ಕೆ ಸರಿದಿತ್ತು, ಆದರೆ ಇತ್ತು. ಮರುದಿನ ಅಕ್ಕಲಕೋಟೆಯ ಅಂಚೆ ಕಚೇರಿಗೆ ಹೋಗಿ ಮುಂಬಯಿಗೆ ಟ್ರಂಕ್ ಕಾಲ್ ಹಾಕಿಸಿದೆ. ಮಾರ್ಗದರ್ಶಕರ ದನಿ ದೂರದಿಂದ ಕೇಳಿತು. ಗುಡ್ಡ ಎಲ್ಲಿದೆ ಎಂದು ಕೇಳಿದರು. ಹೇಳಿದೆ.

"ಅದು ಕೋಬಾಲ್ಟ್. ಯಾವಾಗಲೋ ರಿಪೇರಿ ಮಾಡುವಾಗ ಹೊಸ ಕಬ್ಬಿಣ ಸೇರಿರಬೇಕು. ಬಿಟ್ಟು ಬಾ. ಗೋಡೆಗೆ ಬದಲಿಯಾಗಿ ಸೀಸ ಸಿಗುತ್ತದೇನೋ ನೋಡೋಣ."

"ಇನ್ನೊಮ್ಮೆ ಅಳೆದು ಬರುತ್ತೇನೆ ಸರ್."

"ಎಷ್ಟು ಸಲ ಅಳೆದರೂ ಅದೇ ಬರುತ್ತದೆ," ಎಂದರು. ಲೈನು ಕಡಿದುಹೋಯಿತು.

ಹೊಲಕ್ಕೆ ಮರಳುವ ಬಸ್ಸಿನಲ್ಲಿ ನನಗೆ ಅಳು ಬಂದದ್ದು ನಿಜ. ಆದರೆ ಅಳುವಿನ ನಡುವೆಯೂ ಒಂದು ವಿಷಯ ಚುಚ್ಚುತ್ತಿತ್ತು. ಕೋಬಾಲ್ಟ್‌ನದ್ದು ಜೋಡಿ ಗುಡ್ಡ. ನನ್ನ ಹಾಳೆಯಲ್ಲಿ ಇದ್ದದ್ದು ಒಂದೇ. ಎರಡನೆಯದು ಎಲ್ಲಿ? ಅಷ್ಟೇ ಅಲ್ಲ, ನಮ್ಮ ಹೊಲಕ್ಕೆ ಬರುವ ವಿದ್ಯುತ್ತು ಪಂಪುಗಳು ಶುರುವಾದಾಗ ಕುಗ್ಗಿ, ನಿಂತಾಗ ಹಿಗ್ಗುತ್ತಿತ್ತು. ಅದರೊಂದಿಗೆ ಗಾಜಿನ ಕೊಳವೆಯ ಹಿಗ್ಗಿಸುವ ಬಲವೂ ಏರಿಳಿದು ಗುಡ್ಡ ಜಾರಾಡುತ್ತಿತ್ತು. ಗುಡ್ಡದ ನಿಜವಾದ ಜಾಗ ನನಗೇ ಖಚಿತವಿರಲಿಲ್ಲ. ಕೋಬಾಲ್ಟ್‌ನಿಂದ ತುಸುವೇ ಮೇಲೆ ಇನ್ನೊಂದು ಧಾತುವಿನ ಒಂಟಿ ಗುಡ್ಡವಿದೆ, ಪೊಟ್ಯಾಸಿಯಂನದ್ದು. ಕಬ್ಬಿಣದಲ್ಲಿ ಪೊಟ್ಯಾಸಿಯಂ ಎಲ್ಲಿಂದ ಬರಬೇಕು?

ಮನೆಗೆ ಬಂದು ಗೂಡಿನ ಒಂದು ತುಂಡನ್ನು ಇಳಿಸಿ, ಎರಕದ ಸಣ್ಣ ಗುಳಿಗಳ ಮೇಲೆ ಬೆರಳು ಎಳೆದೆ. ಬೆರಳಿಗೆ ಬಿಳಿ ಪುಡಿ ಹತ್ತಿತು. ಬೂದಿ. ಕಟ್ಟಿಗೆಯ ಬೂದಿಯಲ್ಲಿ ತುಂಬಿರುವುದೇ ಪೊಟ್ಯಾಸಿಯಂ.

ಒಂದು ಬಟ್ಟೆಯಲ್ಲಿ ಒಲೆಯ ಬೂದಿ ಕಟ್ಟಿ ಹರಳಿನ ಪಕ್ಕದಲ್ಲಿಟ್ಟೆ. ಗುಡ್ಡ ಅಲ್ಲೇ ಎದ್ದಿತು, ಇನ್ನೂ ಎತ್ತರವಾಗಿ. ಆದರೆ ಇದಿಷ್ಟರಿಂದ ಕಬ್ಬಿಣ ಶುದ್ಧ ಎಂದು ಹೇಳುವಂತಿರಲಿಲ್ಲ. ಬೂದಿಯ ಗುಡ್ಡದ ಅಡಿಯಲ್ಲಿ ಕೋಬಾಲ್ಟ್ ಅಡಗಿ ಕುಳಿತಿರಬಹುದು. ಎಲ್ಲವನ್ನೂ ಮತ್ತೆ ತೊಳೆಯಬೇಕು, ಮತ್ತು ಅಲುಗದ ವಿದ್ಯುತ್ತಿನಲ್ಲಿ ಅಳೆಯಬೇಕು. ಮಾರ್ಗದರ್ಶಕರು ಬಾ ಎಂದಿದ್ದರು. ಹೋಗಲಾರೆ ಎಂದು ನಾನು ತೀರ್ಮಾನಿಸಿದೆ. ತಪ್ಪಾದರೆ ಅದು ಅಳೆದು ಆದ ತಪ್ಪಾಗಿರಲಿ.

ಉಪಕರಣ ಬ್ಯಾಟರಿಯಲ್ಲೂ ನಡೆಯುತ್ತಿತ್ತು. ಊರಿನಲ್ಲಿ ಗಟ್ಟಿಯಾದ ಬ್ಯಾಟರಿ ಇದ್ದದ್ದು ಕಾಕಾನ ಟ್ರ್ಯಾಕ್ಟರಿನಲ್ಲಿ.

"ನೆಲಾ ಹದಕ್ಕ ಬಂದದ," ಎಂದ ಕಾಕಾ. "ಹಿಂಗಾರಿ ಬಿತ್ತೂ ಹೊತ್ತಿನ್ಯಾಗ ಟ್ರ್ಯಾಕ್ಟರ್ ನಿಂದ್ರಸು ಅಂತೀ? ನೆಲಾ ಆರಿತಂದ್ರ ಯಾರ ಕೇಳೋರು?"

ಉತ್ತರ ಕೊಟ್ಟದ್ದು ಕಾಕು. "ಎತ್ತ ಅದಾವ, ಕೂರಿಗಿ ಅದ. ಟ್ರ್ಯಾಕ್ಟರ್ ಬರೂಕಿಂತ ಮುಂಚೆ ನಾವೇನು ಉಪವಾಸ ಇದ್ದಿವ್ಯಾ?"

ಕಾಕಾ ಎದ್ದು ಹೊರಗೆ ಹೋದ. ಅವನು ಸಿಟ್ಟಾದ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಬ್ಯಾಟರಿಯನ್ನು ಎದೆಗೆ ಅವಚಿಕೊಂಡು ಬಂದು ಪಡಸಾಲೆಯಲ್ಲಿ ಇಳಿಸಿದ. "ಆಸಿಡ್ ಚೆಲ್ಲಬ್ಯಾಡ" ಎಂದಷ್ಟೇ ಹೇಳಿದ.

ಬೂದಿಯ ಸಂಗತಿಯನ್ನು ಕಾಕುಗೆ ಹೇಳುವುದು ನನಗೆ ಕಷ್ಟವಾಗಿತ್ತು. ಅವಳ ಕೈಯ ಬೊಬ್ಬೆ ಇನ್ನೂ ಮಾಗಿರಲಿಲ್ಲ.

"ಬೂದ್ಯಾಗೂ ಅದ ಅಂತೀ ಏನು, ಆ ಕಿರಣ?"

"ಎಲ್ಲಾದ್ರಾಗೂ ಅದ ಕಾಕು. ಬಾಳೀಹಣ್ಣಿನ್ಯಾಗ ಅದ, ನಮ್ಮ ಮೈಯಾಗೂ ಅದ."

"ಹಂಗಾರ ಅಳೀಬೇಕಾದ್ರ ನೀ ಮಗ್ಗಲಕ್ಕ ಕೂಡಬ್ಯಾಡ. ದೂರ ಕೂಡು," ಎಂದು ನಕ್ಕು ಸೆರಗು ಸಿಕ್ಕಿಸಿಕೊಂಡಳು.

ಈ ಸಲ ಬಾವಿಯ ಪಂಪಿನ ಧಾರೆಗೆ ಒಡ್ಡಿ, ತಂತಿಯ ಬ್ರಷ್ಷಿನಿಂದ ಒಂದೊಂದು ಗುಳಿಯನ್ನೂ ಉಜ್ಜಿದೆವು. ಕಾಸ್ಟಿಕ್ ಸೋಡಾ ಹಾಕಿ ಕುದಿಸಿದ ನೀರು ಸುರಿದು ಮತ್ತೆ ಧಾರೆಗೆ ಒಡ್ಡಿದೆವು. ಒಣಗಿದ ತುಂಡಿನ ಮೇಲೆ ಬಿಳಿ ಬಟ್ಟೆ ಎಳೆದು, ಬಟ್ಟೆ ಬಿಳಿಯಾಗಿಯೇ ಉಳಿದರೆ ಮಾತ್ರ ಗೂಡಿಗೆ ಏರಿಸಿದೆವು. ಅಳೆಯುವ ಮುನ್ನ ಮುಂಬಯಿಯಿಂದ ತಂದಿದ್ದ, ಅಂಗಿಯ ಗುಂಡಿಯಷ್ಟು ಗಾತ್ರದ ಕೋಬಾಲ್ಟ್ ಮೂಲವನ್ನು ಹರಳಿಗೆ ತೋರಿಸಿ ಜೋಡಿ ಗುಡ್ಡದ ಜಾಗ ಗುರುತು ಹಾಕಿಕೊಂಡೆ. ಅದನ್ನು ಹೊಲದ ಆಚೆಗೆ ಕಳಿಸಿ ಅಳೆದೆ. ಮುಗಿದ ಮೇಲೆ ಮತ್ತೆ ತರಿಸಿ, ಗುರುತು ಸರಿದಿದೆಯೇ ನೋಡಿದೆ. ಸರಿದಿರಲಿಲ್ಲ.

ಚುಕ್ಕೆಗಳು ಹಾಳೆಯ ತಳದಲ್ಲಿ ಸಪಾಟಾಗಿ ಮಲಗಿದ್ದವು. ಪೊಟ್ಯಾಸಿಯಂ ಇಲ್ಲವೆನ್ನುವಷ್ಟು. ಕೋಬಾಲ್ಟ್‌ನ ಎರಡು ಜಾಗಗಳಲ್ಲೂ ಏನೂ ಇರಲಿಲ್ಲ. ನಾನು ಹಾಳೆಯನ್ನು ಬೆಳಕಿಗೆ ಹಿಡಿದೆ, ಓರೆಯಾಗಿ ಹಿಡಿದೆ, ದೂರವಿಟ್ಟು ನೋಡಿದೆ. ಏನೂ ಇರಲಿಲ್ಲ.

ಮರುದಿನವೇ ಸಾವಕಾರರು ಬಂದರು. ದುಧನಿಯ ಪೇಟೆಗೆ ಹೋಗಿದ್ದವರು ದಾರಿಯಲ್ಲಿ ಇಳಿದಿದ್ದರು. ಕಾಕುವಿನ ಚಹಾ ಕುಡಿದು ವಿಷಯಕ್ಕೆ ಬಂದರು.

"ಬಾಯಾರ, ಕೊನೀ ಲಾರಿ ಬಂದದ. ಮಾಲ್ ತುಂಬಸಬೇಕು. ಏನಂತದ ನಿಮ್ಮ ಯಂತ್ರ?"

ಗ್ರಾಫ್ ತೋರಿಸುವುದಕ್ಕಿಂತ ಕೇಳಿಸುವುದು ಮೇಲು ಎನಿಸಿತು. ಉಪಕರಣದ ಪುಟ್ಟ ಸ್ಪೀಕರ್ ಹಾಕಿದೆ. ಕಿರಣ ಬಡಿದಾಗಲೆಲ್ಲ ಅದು ಟಕ್ ಎನ್ನುತ್ತದೆ. ಹರಳನ್ನು ಗೂಡಿನ ಹೊರಗೆ ಇಟ್ಟಾಗ ಹುರಿಯುವ ಜೋಳದ ಹಾಗೆ ಸಿಡಿಯಿತು. ಒಳಗಿಟ್ಟು ಬಾಯಿಯ ತುಂಡು ಮುಚ್ಚಿದೆ. ಸಿಡಿತ ನಿಂತುಹೋಯಿತು. ಒಂದು ಟಕ್. ಆಮೇಲೆ ಬಹಳ ಹೊತ್ತಿಗೆ ಇನ್ನೊಂದು. ಸಾವಕಾರರು ಟೋಪಿ ತೆಗೆದು ಕಿವಿ ಹತ್ತಿರ ತಂದರು.

"ಹೊಸಾ ಕಬ್ಬಿಣಾ ಇಟ್ರ?"

ಟ್ರ್ಯಾಕ್ಟರಿನ ನೇಗಿಲಿನ ಹೊಸ ಉಕ್ಕಿನ ತುಂಡೊಂದು ಅಲ್ಲೇ ಇತ್ತು. ಅದನ್ನು ತೊಳೆದು ಹರಳಿನ ಪಕ್ಕ ಇಟ್ಟೆ. ಟಕ್ ಟಕ್ ಸ್ವಲ್ಪವೇ ಹೆಚ್ಚಾಯಿತು, ಆದರೆ ಹೆಚ್ಚಾದದ್ದು ಕೇಳಿಸಿತು. ಎಲ್ಲ ಹೊಸ ಉಕ್ಕೂ ಹೀಗೆ ಎಂದಲ್ಲ, ಆದರೆ ಯಾವುದು ಹೀಗಿರುತ್ತದೆ ಎಂದು ಕಣ್ಣಿಗೆ ತಿಳಿಯದು ಎಂದು ವಿವರಿಸಿದೆ. ತಮ್ಮ ಅಂಗಳದಲ್ಲಿ ಇಷ್ಟು ವರ್ಷ ಕಬ್ಬಿಣ ತೂಗಿದ ಮನುಷ್ಯ, ಮೊದಲ ಸಲ ಅದರ ಮಾತು ಕೇಳಿದ್ದರು.

"ಕೊಲ್ಹಾಪುರದವ್ರಿಗೆ ನಾ ಬ್ಯಾರೆ ಮಾಲ್ ಹುಡುಕಿ ಕೊಡ್ತೀನಿ," ಎಂದರು ಎದ್ದು ನಿಂತು. "ಶಬ್ದಾ ಮಾಲಿನ ಬಗ್ಗೆ ಕೊಟ್ಟದ್ದು, ಈ ಗಾಲಿ ಬಗ್ಗೆ ಅಲ್ಲ. ಗಾಲಿ ನಿಮ್ದು. ಆದ್ರ ಲಗೂನ ಒಯ್ರಿ, ನನ್ನ ಅಂಗಳಾ ಸಣ್ದದ."

ಆ ದಿನವೇ ಅಕ್ಕಲಕೋಟೆಯಿಂದ ಮತ್ತೆ ಟ್ರಂಕ್ ಕಾಲ್ ಹಾಕಿಸಿದೆ. ಮಾರ್ಗದರ್ಶಕರು ಬೂದಿಯ ಕತೆಯನ್ನು ಅಡ್ಡ ಮಾತಾಡದೆ ಕೇಳಿದರು.

"ಕೋಬಾಲ್ಟ್ ಗುರುತನ್ನು ಅಳತೆಯ ಮೊದಲು ನೋಡಿದೆಯಾ, ನಂತರವಾ?"

"ಮೊದಲೂ ನೋಡಿದೆ, ನಂತರವೂ ನೋಡಿದೆ ಸರ್."

"ನಾನು ಅವಸರ ಮಾಡಿದೆ," ಎಂದರು. "ಕಬ್ಬಿಣ ತಗೊಂಡು ಬಾ."

ಸಂಸ್ಥೆಯ ಕಾಗದಪತ್ರ ಮುಗಿಯುವವರೆಗೂ ಸಾವಕಾರರು ಗಾಲಿಯನ್ನು ಅಂಗಳದಲ್ಲೇ ಇಟ್ಟುಕೊಂಡರು. ಚಳಿಗಾಲದಲ್ಲಿ ಅದು ರೈಲಿನಲ್ಲಿ ದಕ್ಷಿಣಕ್ಕೆ ಹೋಯಿತು. ಗಣಿಯ ಪಂಜರದಂಥ ಲಿಫ್ಟಿನಲ್ಲಿ ತುಂಡು ತುಂಡಾಗಿ ಇಳಿಸಿ, ಹಳೆಯ ಗೋಡೆ ಬಿಚ್ಚಿ ಹೊಸದನ್ನು ಕಟ್ಟಿದೆವು. ಬೆವರಿನಲ್ಲೂ ಪೊಟ್ಯಾಸಿಯಂ ಇದೆ ಎಂದು ಎಲ್ಲರಿಗೂ ಕೈಗವಸು ಹಾಕಿಸಿದೆ. ನಮಗೆ ಬೇಕಾದ ಜಾಗದಲ್ಲಿ ಎಣಿಕೆ ಬಿದ್ದುಹೋಯಿತು. ಅಲ್ಲಿಂದಾಚೆ ನಾವು ಕಾದೆವು.

ನ್ಯೂಟ್ರಿನೊಗೆ ಸಂಬಂಧಿಸಿದ ಆ ಘಟನೆ ನಮಗೆ ಕಾಣಲಿಲ್ಲ. ಅಂಥದ್ದು ನಡೆಯುವುದಿದ್ದರೆ ನಾವು ಕಾದ ಅವಧಿಯಲ್ಲಿ ಒಮ್ಮೆ ಆಗುವುದಕ್ಕಿಂತಲೂ ಅಪರೂಪ ಎಂದು ಬರೆಯಲು ಮಾತ್ರ ಸಾಧ್ಯವಾಯಿತು. ಅದೇ ನನ್ನ ಪ್ರಬಂಧವಾಯಿತು. ಇಲ್ಲ ಎನ್ನುವುದನ್ನು ಇಷ್ಟು ಖಚಿತವಾಗಿ ಹೇಳಲು ಎಷ್ಟು ದುಡಿಯಬೇಕಾಗುತ್ತದೆ ಎಂಬುದು ಆ ವರ್ಷಗಳಲ್ಲಿ ನಾನು ಕಲಿತ ಪಾಠ.

ಪ್ರಬಂಧ ಸಲ್ಲಿಸಿ ಊರಿಗೆ ಹೋಗುವಾಗ ಸೊಲ್ಲಾಪುರದಲ್ಲಿ ಇಳಿದು ಸಾವಕಾರರನ್ನು ಕಂಡೆ. ಬಚ್ಚಿಡದೆ ಹೇಳಿದೆ, ಏನೂ ಸಿಗಲಿಲ್ಲ ಎಂದು.

ಅವರು ಗಾದಿಯ ಮೇಲೆ ತುಸು ಮುಂದೆ ಬಾಗಿದರು. "ಗಾಲಿ ಏನರ ಸದ್ದ ಮಾಡ್ತೇನ್ರಿ?"

"ಇಲ್ರಿ. ಒಂದ್ಸಲಾನೂ ಇಲ್ಲ."

"ಹಂಗಾರ ನಾ ಕೊಟ್ಟ ಮಾಲ್ ಚಲೋ ಇತ್ತು," ಎಂದು ಅವರು ಹಿಂದಕ್ಕೆ ಒರಗಿ, ನನಗೆ ಚಹಾ ತರಲು ಕೂಗಿದರು.